ಮಾರ್ಚ್ ತಿಂಗಳಲ್ಲಿ ಊರೂರಿಗೆ ಹೆಣ್ಣುಮಕ್ಕಳ ಒಂದು ವಹಿ ಇರಲಿ

ಮಾನ್ಯ ಸಂಪಾದಕರೇ,

ನಾನು ಗದಗ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಮಾರ್ಚ್ ಬಂತಂದ್ರೆ ನಮ್ಮ ಕಡೆ ಮಹಿಳಾ ದಿನದ ಕಾರ್ಯಕ್ರಮಗಳು ಶುರು. ರಂಗೋಲಿ ಸ್ಪರ್ಧೆ, ಶಾಲು, ಹಾರ, ಭಾಷಣ. ಇವು ಬೇಡ ಅಂತಲ್ಲ. ಮನೆಗೆಲಸ ಬದಿಗಿಟ್ಟು ಹೆಂಗಸರು ನಾಲ್ಕು ತಾಸು ಒಂದು ಕಡೆ ಕೂಡುವುದೇ ಹಳ್ಳಿಯಲ್ಲಿ ಅಪರೂಪ. ಆದರೆ 9ನೇ ತಾರೀಖಿಗೆ ಎಲ್ಲ ಮುಗಿದಿರುತ್ತದೆ. ಕಾಗದದ ಮೇಲೆ ಒಂದು ಸಾಲೂ ಉಳಿದಿರುವುದಿಲ್ಲ.

ಅಮೆರಿಕದಲ್ಲಿ ಇಡೀ ಮಾರ್ಚ್ ಮಹಿಳೆಯರ ಇತಿಹಾಸಕ್ಕೆ ಮೀಸಲು. ಅದು ಶುರುವಾದದ್ದು ದೊಡ್ಡವರ ವೇದಿಕೆಯಲ್ಲಲ್ಲ, ಶಾಲೆಗಳಲ್ಲಿ. ಮಕ್ಕಳ ಪಾಠದಲ್ಲಿ ಹೆಂಗಸರ ಇತಿಹಾಸ ಇಲ್ಲವೇ ಇಲ್ಲ ಅಂತ ಕ್ಯಾಲಿಫೋರ್ನಿಯಾದ ಸೊನೊಮಾ ಕೌಂಟಿಯ ಕೆಲವರಿಗೆ ಅನ್ನಿಸಿತು. 1978ರಲ್ಲಿ ಅವರು ಮಾರ್ಚ್ 8 ಬರುವ ವಾರವನ್ನು ಅದಕ್ಕಂತಲೇ ಇಟ್ಟರು. ನೂರಾರು ಮಕ್ಕಳು ಪ್ರಬಂಧ ಬರೆದರು. ಸಾಂತಾ ರೋಸಾ ಪೇಟೆಯಲ್ಲಿ ಮೆರವಣಿಗೆ ಹೊರಟಿತು. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ವಾರವನ್ನು ಇಡೀ ದೇಶಕ್ಕೆ ಘೋಷಿಸಿದರು, 1987ರಲ್ಲಿ ಅಲ್ಲಿನ ಸಂಸತ್ತು ಅದನ್ನು ತಿಂಗಳು ಮಾಡಿತು. ಒಂದು ಜಿಲ್ಲೆಯ ಶಾಲೆಗಳು ಹಿಡಿದ ಕೆಲಸ ಒಂಬತ್ತೇ ವರ್ಷದಲ್ಲಿ ಅಷ್ಟು ದೂರ ಹೋಯಿತು.

ಹೊರದೇಶದ್ದು ನಮಗ್ಯಾಕೆ ಅನ್ನುವವರಿದ್ದಾರೆ. ಅವರು ಒಮ್ಮೆ ಲಕ್ಕುಂಡಿಗೆ ಬರಲಿ. ಅಲ್ಲಿನ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ಅತ್ತಿಮಬ್ಬೆ. 1007ರ ಶಾಸನ ಇದೆ. ಗಂಡ ನಾಗದೇವ ಸತ್ತಾಗ ಅವನ ಇನ್ನೊಬ್ಬ ಹೆಂಡತಿ, ಅಂದರೆ ಈಕೆಯ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಲು ಉಳಿದಳು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು. ಅಚ್ಚಿನ ಮನೆ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ಒಂದೊಂದು ತಾಳೆಗರಿಯ ಮೇಲೂ ಕಬ್ಬಿಣದ ಕಂಟದಿಂದ ಅಕ್ಷರ ಕೊರೆಯಬೇಕು, ಮಸಿ ಹಚ್ಚಬೇಕು, ತೂತು ಕೊರೆದು ದಾರ ಪೋಣಿಸಬೇಕು. ಪುಸ್ತಕ ಕಾಯುವ ಕೆಲಸ ಮಾಡುವ ನನಗೆ ಆಕೆಗಿಂತ ದೊಡ್ಡವರು ಯಾರೂ ಇಲ್ಲ. ಆದರೆ ಆ ಬಸದಿ ಮುಂದೆ ಫೋಟೋ ತೆಗೆಸಿಕೊಳ್ಳುವ ಶಾಲೆ ಮಕ್ಕಳನ್ನು ಯಾರು ಕಟ್ಟಿಸಿದ್ದು ಅಂತ ಕೇಳಿ ನೋಡಿ. ‘ರಾಜ’ ಅಂತಾರೆ.

ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಇದೇ ಮಾರ್ಚ್ 5ಕ್ಕೆ, 1913ರಲ್ಲಿ, ಧಾರವಾಡದಲ್ಲಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿತವರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವವರಲ್ಲಿ ಬಹಳಷ್ಟು ಜನ ಹೆಂಗಸರೇ. ಹೇಳಹೊರಟರೆ ಪತ್ರದಲ್ಲಿ ಜಾಗ ಸಾಲದು.

ಇವರ ಹೆಸರಾದರೂ ಎಲ್ಲೋ ಒಂದು ಕಡೆ ಬರೆದಿದೆ. ನನ್ನ ಚಿಂತೆ ಎಲ್ಲೂ ಬರೆಯದವರದ್ದು. ಹೋದ ಮಾರ್ಚ್‌ನಲ್ಲಿ ನಮ್ಮ ಗ್ರಂಥಾಲಯಕ್ಕೆ ಬರುವ ಮಕ್ಕಳ ಕೈಗೆ ಒಂದು ಉದ್ದನೆಯ ವಹಿ ಕೊಟ್ಟೆ. ಊರಲ್ಲಿ ವಯಸ್ಸಾದ ಹೆಣ್ಣುಮಕ್ಕಳನ್ನು ಮಾತಾಡಿಸಿ, ಅವರು ಏನು ಕೆಲಸ ಮಾಡಿದ್ದಾರೆ ಕೇಳಿ ಬರೆಯಿರಿ ಅಂದೆ. ಏಳನೇ ತರಗತಿಯ ಇಬ್ಬರು ಹುಡುಗಿಯರು ಸೂಲಗಿತ್ತಿ ಅಜ್ಜಿಯ ಹತ್ತಿರ ಹೋದರು. ‘ನಂದೇನು ಬರೀತೀರವ್ವಾ, ಸುಮ್ನೆ ಹೋಗ್ರಿ’ ಅಂದಿದ್ದಾರೆ ಮೊದಲು. ಆಮೇಲೆ ಮಾತಿಗೆ ಕೂತವರು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಹೊಸ ಬ್ಲೇಡನ್ನೂ ದಾರವನ್ನೂ ಕುದಿಯುವ ನೀರಿಗೆ ಹಾಕುತ್ತಿದ್ದದ್ದು, ಮಳೆಗಾಲದಲ್ಲಿ ಹಳ್ಳ ಬಂದಾಗ ಹಗ್ಗ ಹಿಡಿದು ದಾಟಿ ಹೆರಿಗೆ ಮಾಡಿಸಿದ್ದು, ಕೂಸು ಅಳದಿದ್ದರೆ ಅಂಗಾಲು ತಟ್ಟಿ ಬೆನ್ನು ತಿಕ್ಕುತ್ತಿದ್ದದ್ದು, ಎಲ್ಲವೂ ಆ ವಹಿಯಲ್ಲಿದೆ. ಬರೆದವರಲ್ಲಿ ಒಬ್ಬಳ ತಂದೆಯನ್ನು ಎತ್ತಿಕೊಂಡದ್ದೂ ಅದೇ ಕೈಯಂತೆ. ಆ ಹುಡುಗಿಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಇದೂ ಇತಿಹಾಸವೇ ಅಲ್ವಾ?

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ಶಿಕ್ಷಣ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಾರ್ಚ್‌ಗೆ ಮೊದಲೇ ಒಂದು ಸುತ್ತೋಲೆ ಹೊರಡಿಸಿ. ಪ್ರತಿ ಊರಿನ ಶಾಲೆ ಮತ್ತು ಅರಿವು ಕೇಂದ್ರ ಸೇರಿ ಇಂಥದೊಂದು ವಹಿ ಶುರುಮಾಡಲಿ. ಕಸೂತಿ ಹಾಕುವವರು, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವವರು, ಸೋಬಾನೆ ಹಾಡುವವರು ಎಲ್ಲರೂ ಅದರಲ್ಲಿ ಬರಲಿ. ಪರೀಕ್ಷೆ ಹತ್ತಿರ ಇರುತ್ತದೆ, ನಿಜ. ಅದಕ್ಕೇ ಹತ್ತನೇ ತರಗತಿಯವರನ್ನು ಬಿಟ್ಟು ಆರು, ಏಳನೇ ತರಗತಿ ಮಕ್ಕಳಿಗೆ ಕೊಡಿ. ಖರ್ಚು ಒಂದು ವಹಿ, ಎರಡು ಪೆನ್ನು. ಸನ್ಮಾನದ ಶಾಲಿಗೆ ಹಾಕುವ ದುಡ್ಡಿಗಿಂತ ಕಡಿಮೆಯೇ.

ಇಂತಿ,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ
ಗದಗ ತಾಲ್ಲೂಕು