ರಿಪೇರಿ ಮಾಡಿ ಮಾರಿದ ಡ್ರಿಲ್ ಶಾಕ್ ಹೊಡೆಯುತ್ತಿದೆ: ಉಪಕರಣ ಮಾರುವ ಸಂಸ್ಥೆಗೆ ಒಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ರಿಪೇರಿ ಮಾಡಿದ್ದು ಎಂದು ನೀವು ಕಳುಹಿಸಿದ ಡ್ರಿಲ್, ಕೀಸುಳಿ ಮತ್ತು ಗ್ರೈಂಡರ್ ಬಗ್ಗೆ ದೂರು

ಮಾನ್ಯರೇ,

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ನೀವು ಕಳುಹಿಸಿದ ಲೋಹದ ಬಾಡಿಯ ಹಳೆಯ ಡ್ರಿಲ್ ಮಷಿನ್‌ಗೆ ಅರ್ಥಿಂಗ್, ಅಂದರೆ ಬಾಡಿಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ಇಲ್ಲ. ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಹೀಗೇ ವೈರ್ ಬದಲಾಯಿಸಿದ ಡ್ರಿಲ್‌ಗಳನ್ನು ಬೇರೆಯವರಿಗೂ ಮಾರಿದ್ದರೆ, ಈ ಪತ್ರ ಪೂರ್ತಿ ಓದುವ ಮೊದಲೇ ಅವರಿಗೆ ಫೋನ್ ಮಾಡಿ. ಪ್ಲಗ್ ಕಿತ್ತಿಡಲು ಹೇಳಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ.

ನಾನು ಮರಗೆಲಸ ಮಾಡುವವನು. ಹಳೆಯ ಕುರ್ಚಿ, ಮೇಜು, ಕಿಟಕಿ, ಬಾಗಿಲುಗಳ ರಿಪೇರಿಯೇ ಜಾಸ್ತಿ. ನನ್ನ ತಮ್ಮ ಈಗ ನನ್ನ ಜೊತೆ ಕೆಲಸ ಕಲಿಯುತ್ತಿದ್ದಾನೆ. ಅವನದೇ ಅಂತ ಒಂದಷ್ಟು ಉಪಕರಣ ಬೇಕಿತ್ತು. ಒಳ್ಳೆಯ ಹೊಸ ಉಪಕರಣ ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಅಗ್ಗದ ಹೊಸದನ್ನು ತಂದು ಕೈಸುಟ್ಟುಕೊಂಡ ಅನುಭವ ನನಗಿದೆ. ಅಲಗು ಒಂದು ದಿನವೂ ಹರಿತ ಹಿಡಿಯುವುದಿಲ್ಲ, ಸ್ಕ್ರೂ ಬಿಗಿ ಮಾಡಿದರೆ ಅದರ ತಲೆಯೇ ಕಿತ್ತು ಬರುತ್ತದೆ. ಕಲಿಯುವವರ ಕೈಗೆ ಅಂಥದ್ದನ್ನು ಕೊಟ್ಟರೆ, ತಪ್ಪು ತನ್ನದೋ ಉಪಕರಣದ್ದೋ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನಮ್ಮಂಥವರಿಗೆ ಉಳಿಯುವ ಸರಿಯಾದ ದಾರಿ ಒಂದೇ. ಹಳೆಯದಾದರೂ ಒಳ್ಳೆಯ ಉಕ್ಕಿನದನ್ನು ಹುಡುಕಿ ತಂದು, ತುಕ್ಕು ತೆಗೆದು, ಸಾಣೆ ಹಿಡಿದು ಬಳಸುವುದು. ಈ ಕೆಲಸವನ್ನು ನೀವೇ ಮಾಡಿ ಕೊಡುತ್ತೀರಿ ಎಂಬ ನಂಬಿಕೆಯಿಂದ ನಾಲ್ಕು ವಸ್ತು ತರಿಸಿದೆ. ಒಂದು ಡ್ರಿಲ್, ಮರ ಕೀಸಿ ಸಮ ಮಾಡುವ ಒಂದು ಕೀಸುಳಿ, 100 ಮಿ.ಮೀ. ಡಿಸ್ಕಿನ ಒಂದು ಗ್ರೈಂಡರ್, ಒಂದು ಕೈಗರಗಸ. ನಾಲ್ಕರ ಮೇಲೂ "ಪೂರ್ತಿ ರಿಪೇರಿ ಮಾಡಿ ಪರೀಕ್ಷಿಸಲಾಗಿದೆ" ಎಂಬ ನಿಮ್ಮ ಸ್ಟಿಕ್ಕರ್ ಇತ್ತು.

ಡ್ರಿಲ್ ಬಂದ ದಿನ ಸಂಜೆ ಅದನ್ನು ಮೊದಲು ಕೈಗೆತ್ತಿಕೊಂಡವನು ತಮ್ಮನೇ. ಬಣ್ಣ ಹೊಡೆದು ಹೊಸದರ ಹಾಗೆ ಮಾಡಿದ್ದಿರಿ. ಹೊಸ ಕಪ್ಪು ವೈರ್, ಹೊಸ ಮೂರು ಪಿನ್ನಿನ ಪ್ಲಗ್. ಸ್ವಿಚ್ ಒತ್ತಿದ, ತಿರುಗಿತು. ಒಂದೆರಡು ತೂತು ಕೊರೆದ. ಆಮೇಲೆ ಇನ್ನೊಂದು ಕೈಯನ್ನು ಮೋಟರಿನ ಮೇಲೆ ಇಟ್ಟವನು ಥಟ್ಟನೆ ಹಿಂದೆ ತೆಗೆದ. "ಅಣ್ಣಾ, ಜುಮ್ ಅಂತಿದೆ ನೋಡು" ಅಂದ. ಮಷಿನ್ ಅದುರುವುದಕ್ಕೆ ಹಾಗನ್ನಿಸಿರಬೇಕು ಅಂದುಕೊಂಡೆ. ಆದರೂ ಮನಸ್ಸು ತಡೆಯದೆ ಟೆಸ್ಟರ್ ಹಚ್ಚಿದೆ. ಬಾಡಿಯ ಮೇಲೆ ದೀಪ ಹತ್ತಿತು. ಅವನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ನೆಲ ಒಣಗಿತ್ತು. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತಿದ್ದರೆ? ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ಲಗ್ ಕಿತ್ತು, ಹಿಡಿಯ ಸ್ಕ್ರೂ ಬಿಚ್ಚಿದೆ. ಒಳಗೆ ಬಾಡಿಗೆ ಒಂದು ಅರ್ಥಿಂಗ್ ಸ್ಕ್ರೂ ಇದೆ. ಅದರಡಿ ಹಳೆಯ ಹಸಿರು ವೈರಿನ ಒಂದು ತುಂಡು ಈಗಲೂ ಸಿಕ್ಕಿಕೊಂಡಿದೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ತುದಿ ಕಟಿಂಗ್ ಪ್ಲೇಯರಿನಲ್ಲಿ ನೀಟಾಗಿ ಕತ್ತರಿಸಿದ್ದು. ನೀವು ಹಾಕಿರುವ ಹೊಸ ವೈರಿನಲ್ಲಿ ಎರಡೇ ಎಳೆ. ಅದರ ಇನ್ನೊಂದು ತುದಿಗೆ ಮೂರು ಪಿನ್ನಿನ ಪ್ಲಗ್ ಹಾಕಿದ್ದೀರಿ. ಪ್ಲಗ್ ಬಿಚ್ಚಿದರೆ ಅರ್ಥಿಂಗಿನ ದಪ್ಪ ಪಿನ್ನಿಗೆ ಏನೂ ಸೇರಿಸಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಇಲ್ಲಿ. ಎರಡು ಪಿನ್ನಿನ ಪ್ಲಗ್ ಹಾಕಿದ್ದರೆ ಕೊಂಡವರಿಗೆ ಕನಿಷ್ಠ ಒಂದು ಅನುಮಾನವಾದರೂ ಬರುತ್ತಿತ್ತು. ಮೂರು ಪಿನ್ ನೋಡಿದವರು ಅರ್ಥಿಂಗ್ ಇದೆ ಅಂತಲೇ ನಂಬುತ್ತಾರೆ. ನಾನೂ ನಂಬಿದೆ.

ಶಾಕ್ ಎಲ್ಲಿಂದ ಬಂತು ಅಂತಲೂ ಹುಡುಕಿದೆ. ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಎರಡೂ ಸವೆದಿವೆ, ಒಂದಂತೂ 5 ಮಿ.ಮೀ.ಗಿಂತ ಕಡಿಮೆ ಉಳಿದಿದೆ. ಸವೆದ ಕಾರ್ಬನ್ನಿನ ಕಪ್ಪು ಪುಡಿ ಬ್ರಷ್ ಕೂರುವ ಜಾಗದ ಸುತ್ತ ಮಸಿಯ ಹಾಗೆ ಮೆತ್ತಿಕೊಂಡಿದೆ. ಕಾರ್ಬನ್ ಪುಡಿಯಲ್ಲಿ ಕರೆಂಟ್ ಹರಿಯುತ್ತದೆ, ಅದರ ಮೂಲಕ ಬಾಡಿಗೆ ಇಳಿಯುತ್ತಿದೆ. ಧೂಳು ಹೊಡೆಯುವ ಒಂದು ಬ್ರಷ್ಷಿನಿಂದ ಗುಡಿಸಿ ತೆಗೆಯುವ ಕೆಲಸ ಅದು. ಅಂದರೆ ಹೊರಗೆ ಬಣ್ಣ ಹೊಡೆದವರು ಒಳಗೆ ಇಣುಕಿಯೂ ನೋಡಿಲ್ಲ.

ನಿಮ್ಮ ಕೆಲಸಗಾರರ ಪರವಾಗಿ ಒಂದು ಮಾತು ಹೇಳಬೇಕು. ಈಗ ಬರುವ ಪ್ಲಾಸ್ಟಿಕ್ ಬಾಡಿಯ ಡ್ರಿಲ್‌ಗಳಿಗೆ ಎರಡೆಳೆ ವೈರೇ ಸರಿ. ಅವುಗಳ ಪ್ಲೇಟಿನ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತದೆ. ಒಳಗೆ ಎರಡು ಪದರದ ಇನ್ಸುಲೇಷನ್ ಇದೆ, ಅರ್ಥಿಂಗ್ ಬೇಡ ಅಂತ ಅದರ ಅರ್ಥ. ದಿನವೂ ಅಂಥವನ್ನೇ ರಿಪೇರಿ ಮಾಡುವವರು ಕೈಗೆ ಸಿಕ್ಕ ಅದೇ ವೈರನ್ನು ಇದಕ್ಕೂ ಹಾಕಿರಬಹುದು. ಆದರೆ ಈ ಡ್ರಿಲ್ಲಿನ ಪ್ಲೇಟಿನ ಮೇಲೆ ಆ ಗುರುತಿಲ್ಲ. ಹಸಿರು ವೈರ್ ಕತ್ತರಿಸುವಾಗ ಅದು ಯಾಕಿದೆ ಅಂತ ಕೇಳುವವರು ಒಬ್ಬರೂ ಅಲ್ಲಿ ಇರಲಿಲ್ಲವೇ? ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ಅರ್ಥಿಂಗ್ ಪಿನ್ನಿಗೆ, ಇನ್ನೊಂದು ಬಾಡಿಗೆ ಇಟ್ಟರೆ ಸಾಕು. ಬೀಪ್ ಅಂದರೆ ಸರಿ, ಅನ್ನದಿದ್ದರೆ ತಪ್ಪು. ಒಂದು ನಿಮಿಷವೂ ಬೇಡ. "ಪರೀಕ್ಷಿಸಲಾಗಿದೆ" ಎಂಬ ಸ್ಟಿಕ್ಕರ್ ಅಂಟಿಸುವುದಕ್ಕೆ ಹಿಡಿಯುವಷ್ಟೇ ಹೊತ್ತು.

ಈಗ ಕೀಸುಳಿಯ ವಿಷಯ. ಇದರಲ್ಲಿ ಪ್ರಾಣಭಯವಿಲ್ಲ. ಆದರೆ ಮರಗೆಲಸದವನಾಗಿ ನನ್ನ ಹೊಟ್ಟೆ ಉರಿದದ್ದು ಇದನ್ನು ನೋಡಿಯೇ. ಬೀಡು ಕಬ್ಬಿಣದ ಬಾಡಿ, 45 ಡಿಗ್ರಿಯಲ್ಲಿ ಕೂರುವ ಅಲಗು, ಹಿಂದೆ ಏರಿಳಿಸುವ ತಿರುಪು. ಲಿಯೊನಾರ್ಡ್ ಬೈಲಿ ರೂಪಿಸಿದ, 1869ರಲ್ಲಿ ಸ್ಟಾನ್ಲಿ ಕಂಪನಿ ಕೊಂಡುಕೊಂಡ ಆ ವಿನ್ಯಾಸದ್ದೇ ಇದು. ಅಷ್ಟು ಹಳೆಯ ವಿನ್ಯಾಸ ಇವತ್ತಿಗೂ ನಡೆಯುತ್ತಿದೆ ಅಂದರೆ ಅದು ಅಷ್ಟು ಚೆನ್ನಾಗಿದೆ ಅಂತ ತಾನೇ? ನಿಮ್ಮ ಫೋಟೋದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೈಗೆ ಬಂದಾಗಲೂ ಹೊಳೆಯುತ್ತಿತ್ತು. ಮರದ ಮೇಲಿಟ್ಟು ತಳ್ಳಿದರೆ ಮಾತ್ರ ತೊನೆದಾಡುತ್ತದೆ. ಒಂದು ಕಡೆ ದಪ್ಪಗೆ ಕೀಸುತ್ತದೆ, ಮುಂದೆ ಹೋದರೆ ಮರವನ್ನು ಮುಟ್ಟುವುದೇ ಇಲ್ಲ.

ಕೀಸುಳಿಯ ಅಡಿಭಾಗಕ್ಕೆ ಅಡ್ಡಡ್ಡ ಪೆನ್ಸಿಲ್ ಗೆರೆ ಎಳೆದೆ. ದಪ್ಪ ಗಾಜಿನ ಮೇಲೆ ಎಮರಿ ಶೀಟ್ ಅಂಟಿಸಿ ಹತ್ತು ಸಲ ಉಜ್ಜಿದೆ. ನಡುವಿನ ಗೆರೆಗಳೆಲ್ಲ ಅಳಿಸಿ ಹೋದವು. ಮುಂದಿನ ತುದಿಯ ಗೆರೆ, ಹಿಂದಿನ ತುದಿಯ ಗೆರೆ ಹಾಗೇ ಉಳಿದವು. ಅಂದರೆ ಎರಡೂ ತುದಿ ತಗ್ಗಾಗಿದೆ. ಬೆಲ್ಟ್ ಸ್ಯಾಂಡರ್ ಮೇಲೆ ಕೈಯಲ್ಲಿ ಹಿಡಿದು ಉಜ್ಜಿದರೆ ಹೀಗೇ ಆಗುವುದು. ಬೆಲ್ಟು ತುದಿಗಳನ್ನು ಜಾಸ್ತಿ ತಿನ್ನುತ್ತದೆ. ಕೀಸುಳಿಯ ಅಡಿ ಸಪಾಟಾಗಿರಬೇಕು ಅನ್ನುವುದು ಅದರ ಮೊದಲ ಗುಣ. ಹೊಳಪಿಗೋಸ್ಕರ ನೀವು ಅದನ್ನೇ ಕಳೆದಿದ್ದೀರಿ.

ಅಲಗಿನ ಕಥೆ ಇನ್ನೂ ಕೆಟ್ಟದ್ದು. ಬಿಚ್ಚಿ ಬೆಳಕಿಗೆ ಹಿಡಿದೆ. ತುದಿಯಲ್ಲಿ ಒಂದು ಬೆರಳಗಲ ನೀಲಿ. ಅದರ ಹಿಂದೆ ನೇರಳೆ, ಆಮೇಲೆ ಒಣಹುಲ್ಲಿನ ಹಳದಿ, ಆಮೇಲೆ ಉಕ್ಕಿನ ಸಹಜ ಬಣ್ಣ. ಕಾರ್ಬನ್ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ನೀಲಿಯಾದ ಜಾಗದಲ್ಲಿ ಹದ, ಅಂದರೆ ಉಕ್ಕಿನ ಗಡಸುತನ, ಹೋಗಿದೆ ಎಂದೇ ಅರ್ಥ. ಡ್ರಿಲ್ ಬಿಟ್ಟಿನ ಹೈಸ್ಪೀಡ್ ಸ್ಟೀಲ್ ಇದಕ್ಕಿಂತ ಎಷ್ಟೋ ಹೆಚ್ಚು ಬಿಸಿಯನ್ನು ತಡೆಯುತ್ತದೆ, ಹಳೆಯ ಕೀಸುಳಿಯ ಅಲಗು ತಡೆಯುವುದಿಲ್ಲ. ಸಾಣೆ ಹಿಡಿದು ಕೂದಲು ಕತ್ತರಿಸುವಷ್ಟು ಹರಿತ ಮಾಡಿದೆ. ಮೆದು ಮರದ ಮೇಲೆ ಐದಾರು ಸಲ ತಳ್ಳುವಷ್ಟರಲ್ಲಿ ಅಂಚು ಮಡಚಿಕೊಂಡಿತು. ಬೆರಳಿನಿಂದ ಸವರಿದರೆ ಮಡಚಿದ ಅಂಚು ತಟ್ಟುತ್ತದೆ. ಗ್ರೈಂಡರ್ ಕಲ್ಲಿಗೆ ಹಿಡಿಯುವಾಗ ಮತ್ತೆ ಮತ್ತೆ ನೀರಿಗೆ ಅದ್ದಬೇಕು ಎಂಬುದು ಈ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಪಾಠ ಅಲ್ವಾ? ಈಗ ಆ ನೀಲಿ ಭಾಗವನ್ನೆಲ್ಲ ಸವೆಸಿ ತೆಗೆಯಬೇಕು. ತೆಗೆದ ಮೇಲೆ ಈ ಅಲಗಿನಲ್ಲಿ ಎಷ್ಟು ವರ್ಷದ ಆಯುಸ್ಸು ಉಳಿಯುತ್ತದೆ?

ತುಕ್ಕು ತೆಗೆಯಲು ಇಷ್ಟೆಲ್ಲ ಬೇಕಿರಲಿಲ್ಲ. ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿ. ಬೆಳಗ್ಗೆ ವೈರ್ ಬ್ರಷ್ಷಿನಲ್ಲಿ ಉಜ್ಜಿದರೆ ತುಕ್ಕು ಕಪ್ಪು ಕೆಸರಾಗಿ ಇಳಿಯುತ್ತದೆ. ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಹುಳಿ ತೆಗೆಯಬೇಕು, ತಕ್ಷಣ ಒರೆಸಿ ಒಣಗಿಸಿ ಎಣ್ಣೆ ಹಚ್ಚಬೇಕು. ಬಿಸಿ ತಾಗುವ ಪ್ರಶ್ನೆಯೇ ಇಲ್ಲ, ಹದ ಹಾಗೇ ಇರುತ್ತದೆ. ತುಂಬ ತುಕ್ಕು ಹಿಡಿದಿದ್ದರೆ ವಾಷಿಂಗ್ ಸೋಡಾ ಕರಗಿಸಿದ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು. ಆ ನೀರಿನಲ್ಲಿ ಮುಳುಗಿಸಿದ ಉಪಕರಣಕ್ಕೆ ನೆಗೆಟಿವ್, ಜೊತೆಗೇ ಮುಳುಗಿಸಿದ ಒಂದು ಬೇಡವಾದ ಕಬ್ಬಿಣದ ತುಂಡಿಗೆ ಪಾಸಿಟಿವ್. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಅಲ್ಲಿ ಹಾಕಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಕೆಲಸ ಮುಗಿದಾಗ ಉಪಕರಣ ಹೊಳೆಯುವುದಿಲ್ಲ, ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಬಣ್ಣ ನನಗೆ ಸಾಕು. ಹಳೆಯ ಉಪಕರಣ ಹುಡುಕುವ ಯಾರಿಗಾದರೂ ಸಾಕು.

ನೀವು ಕಳುಹಿಸಿದ್ದರಲ್ಲಿ ಸರಿಯಾಗಿರುವುದು ಕೈಗರಗಸ ಒಂದೇ. ಅದನ್ನು ನೀವು ಹೆಚ್ಚು ಮುಟ್ಟಿಲ್ಲ. ಪಟ್ಟಿಯ ಮೇಲೆ ಕಲೆಗಳಿವೆ, ಹಿಡಿಯ ಪಾಲಿಶ್ ಹೋಗಿದೆ. ಆದರೆ ಪಟ್ಟಿ ನೇರವಾಗಿದೆ, ಬಗ್ಗಿಸಿ ಬಿಟ್ಟರೆ ಹಾಗೇ ವಾಪಸ್ ಬರುತ್ತದೆ, ಹಲ್ಲು ಒಂದೂ ಮುರಿದಿಲ್ಲ. ಮೂರು ಮುಖದ ಅರ ಹಿಡಿದು ಒಂದು ಗಂಟೆ ಕೂತೆ. ಈಗ ತಮ್ಮ ದಿನವೂ ಅದರಲ್ಲೇ ಕೊಯ್ಯುತ್ತಾನೆ. ಇಂಥ ಗರಗಸವನ್ನು ಹುಡುಕಿ ತಂದವರು ನಿಮ್ಮಲ್ಲಿ ಇದ್ದಾರೆ, ಆರಿಸುವ ಕಣ್ಣು ಅವರಿಗೆ ಚೆನ್ನಾಗಿದೆ. ಅವರಿಗೆ ನನ್ನ ಕಡೆಯಿಂದ ಧನ್ಯವಾದ ತಿಳಿಸಿ.

ಗ್ರೈಂಡರಿಗೆ ಡಿಸ್ಕಿಗೆ ಮರೆಯಾಗಿರುವ ಗಾರ್ಡ್ ಇಲ್ಲ. ಜೊತೆಗೆ ಕೊಟ್ಟ ಕಟಿಂಗ್ ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಒತ್ತಿರುವ ಅವಧಿ ಯಾವತ್ತೋ ಮುಗಿದಿದೆ. ಈ ಡಿಸ್ಕುಗಳನ್ನು ಹಿಡಿದಿಡುವುದು ರಾಳ. ಅದು ಹಳೆಯದಾದಷ್ಟೂ ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಮೂರು ವರ್ಷದ ಅವಧಿ ಹಾಕುವುದು. ಸೆಕೆಂಡಿಗೆ 80 ಮೀಟರ್ ಅಂತ ಡಿಸ್ಕಿನ ಮೇಲೆ ಬರೆದಿರುವ ಗರಿಷ್ಠ ವೇಗ ಗಂಟೆಗೆ 288 ಕಿ.ಮೀ. ಆಗುತ್ತದೆ. ಅಂಥ ವೇಗದ ಹತ್ತಿರ ತಿರುಗುವಾಗ ಒಡೆದರೆ ಮುಖಕ್ಕೂ ಡಿಸ್ಕಿನ ಚೂರುಗಳಿಗೂ ನಡುವೆ ಇರುವುದು ಆ ಗಾರ್ಡ್ ಒಂದೇ. ಡಿಸ್ಕನ್ನು ನಾನು ಮುರಿದು ಎಸೆದಿದ್ದೇನೆ.

ಇದನ್ನೆಲ್ಲ ನಿಮ್ಮ ಸಹಾಯವಾಣಿಗೆ ಎರಡು ಸಲ ಫೋನ್ ಮಾಡಿ ಹೇಳಿದೆ. ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎರಡು ಸಲವೂ ಬಂದ ಉತ್ತರ ಒಂದೇ. "ಸರ್, ಮಷಿನ್ ತಿರುಗ್ತಿದೆ ಅಲ್ವಾ? ತಿರುಗ್ತಿದ್ರೆ ರಿಟರ್ನ್ ತಗೊಳ್ಳೋಕೆ ಬರಲ್ಲ." ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕೊಡುತ್ತೇವೆ ಅಂದರು. ನನಗೆ ಕೂಪನ್ ಬೇಡ. ತಿರುಗುವುದೊಂದನ್ನೇ ಪರೀಕ್ಷೆ ಅಂದುಕೊಂಡರೆ ಶಾಕ್ ಹೊಡೆಯುವ ಡ್ರಿಲ್ ಪಾಸಾಗುತ್ತದೆ, ಗಾರ್ಡ್ ಇಲ್ಲದ ಗ್ರೈಂಡರೂ ಪಾಸಾಗುತ್ತದೆ. ನಿಮ್ಮ ರಿಟರ್ನ್ ನಿಯಮದಲ್ಲಿ ಮೊದಲು ಬದಲಾಗಬೇಕಾದದ್ದು ಈ ಒಂದು ಸಾಲು.

ಡ್ರಿಲ್ ಮತ್ತು ಕೀಸುಳಿಯ ಪೂರ್ತಿ ಹಣ, ಸಾಗಾಣಿಕೆ ಖರ್ಚಿನ ಸಮೇತ, ವಾಪಸ್ ಕೊಡಿ. ಗ್ರೈಂಡರಿಗೆ ಅದರದೇ ಮಾಡೆಲಿನ ಗಾರ್ಡ್ ಕಳುಹಿಸಿ, ಸಿಗದಿದ್ದರೆ ಅದನ್ನೂ ವಾಪಸ್ ತೆಗೆದುಕೊಳ್ಳಿ. 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬರದಿದ್ದರೆ ಗ್ರಾಹಕರ ದೂರು ಕೇಳುವ ಕಡೆ ಇದೇ ಪತ್ರ, ಇದೇ ಫೋಟೋಗಳನ್ನು ಕೊಡುತ್ತೇನೆ. ಎರಡೆಳೆ ವೈರ್ ಹಾಕಿದ ಲೋಹದ ಬಾಡಿಯ ಮಷಿನ್‌ಗಳು ಎಷ್ಟು ಹೊರಗೆ ಹೋಗಿವೆ, ಕೊಂಡವರಿಗೆಲ್ಲ ತಿಳಿಸಿದ್ದೀರಾ ಎಂಬುದನ್ನೂ ಆ ಉತ್ತರದಲ್ಲಿ ಬರೆಯಿರಿ. ಹಣಕ್ಕಿಂತ ಮೊದಲು ನಾನು ಹುಡುಕುವುದು ಆ ಸಾಲನ್ನೇ.

ಇನ್ನು ಮುಂದೆ ಮಾರುವಾಗ ಏನೇನು ಮಾಡಿದ್ದೀರಿ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ತುಕ್ಕು ತೆಗೆಯುವ ಮೊದಲಿನ ಫೋಟೋ ಹಾಕಿ. ಅಲಗು ಎಷ್ಟು ಉದ್ದ ಉಳಿದಿದೆ, ಕಾರ್ಬನ್ ಬ್ರಷ್ ಬದಲಾಯಿಸಿದ್ದೀರಾ, ಅರ್ಥಿಂಗ್ ನೋಡಿದ್ದೀರಾ ಅಂತ ತಿಳಿಸಿ. ಸಮಯ ಇಲ್ಲದಿದ್ದರೆ ತುಕ್ಕಿನ ಸಮೇತವೇ ಮಾರಿ. ಸುಮ್ನೆ ಹೇಳುತ್ತಿಲ್ಲ, ತುಕ್ಕು ಹಿಡಿದ ಒಳ್ಳೆಯ ಕೀಸುಳಿ ಕೊಳ್ಳಲು ನಾನು ನಾಳೆಯೇ ತಯಾರು.

ಬಿಲ್ಲಿನ ಪ್ರತಿ, ಡ್ರಿಲ್ಲಿನ ಒಳಗಿನ ಫೋಟೋ, ಕೀಸುಳಿಯ ಅಡಿ ಮತ್ತು ಅಲಗಿನ ಫೋಟೋ ಇದರ ಜೊತೆಗಿವೆ. ಡ್ರಿಲ್ಲನ್ನು ಬಿಚ್ಚಿದ ಹಾಗೇ ಪ್ಯಾಕ್ ಮಾಡಿ ಇಟ್ಟಿದ್ದೇನೆ, ಹಸಿರು ವೈರಿನ ಆ ತುಂಡು ಇನ್ನೂ ಸ್ಕ್ರೂವಿನಡಿಯೇ ಇದೆ. ಪ್ಲಗ್ಗಿಗೆ ಟೇಪ್ ಸುತ್ತಿ, "ಶಾಕ್ ಹೊಡೆಯುತ್ತದೆ, ಪ್ಲಗ್ ಹಾಕಬೇಡಿ" ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿದ್ದೇನೆ. ಪಾರ್ಸೆಲ್ ನಿಮ್ಮ ಗೋದಾಮಿಗೆ ಬಂದಾಗ ಯಾರೂ ಗೊತ್ತಿಲ್ಲದೆ ಅದನ್ನು ಮತ್ತೆ ಮಾರಾಟದ ಕಪಾಟಿಗೆ ಸೇರಿಸದಿರಲಿ. ಅರ್ಥಿಂಗ್ ಸರಿ ಮಾಡಿ ಮಲ್ಟಿಮೀಟರ್ ಬೀಪ್ ಅನ್ನುವವರೆಗೂ ದಯವಿಟ್ಟು ಆ ಚೀಟಿ ಕೀಳಬೇಡಿ.

ಇಂತಿ,
ನಿಮ್ಮ ಗ್ರಾಹಕ