ಸಂಜೆಯ ತರಗತಿಗಳ ಆಯ್ಕೆ: ಪೋಷಕರ ಗಮನಕ್ಕೆ

ಮಾನ್ಯ ಪೋಷಕರೇ,

ಶಾಲೆ ಬಿಟ್ಟ ಮೇಲಿನ ಯಾವುದೇ ತರಗತಿಗೆ ಮಗುವನ್ನು ಸೇರಿಸುವ ಮೊದಲು, ದಯವಿಟ್ಟು ಒಂದೆರಡು ದಿನ ಅಲ್ಲಿ ಸುಮ್ಮನೆ ಕುಳಿತು ನೋಡಲು ಬಿಡಿ. ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆಯಿಂದ ಅಜ್ಜರಕಾಡಿನ ಈಜುಕೊಳದವರೆಗೆ ಉಡುಪಿಯಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ. ಆದರೆ ಪಕ್ಕದ ಮನೆಯ ಮಗು ಭರತನಾಟ್ಯಕ್ಕೆ ಹೋಗುತ್ತದೆ ಎಂಬುದು ನಮ್ಮ ಮಗುವಿನ ಆಸಕ್ತಿಗೆ ಸಾಕ್ಷಿಯಾಗದು. ನನ್ನ ಮಗಳನ್ನು ನಾನೇ ಹಟ ಹಿಡಿದು ಕೀಬೋರ್ಡ್‌ಗೆ ಸೇರಿಸಿದ್ದೆ. ಅವಳ ಬೆರಳುಗಳು ಮಾತ್ರ ಊಟದ ಮೇಜಿನ ಮೇಲೆ ಚೆಂಡೆಯ ಪೆಟ್ಟನ್ನೇ ಬಾರಿಸುತ್ತಿದ್ದವು, ಅದನ್ನು ಗಮನಿಸಲು ನನಗೆ ಒಂದು ವರ್ಷವೇ ಬೇಕಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಮೈದಾನದ ಆಟಗಳು ಪದೇಪದೇ ನಿಲ್ಲುವುದರಿಂದ, ಶುಲ್ಕವನ್ನು ತಿಂಗಳಿಗೊಮ್ಮೆ ಕಟ್ಟಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ವಾರದಲ್ಲಿ 2 ಸಂಜೆಯಾದರೂ ಖಾಲಿ ಇರಲಿ. ಮಕ್ಕಳು ತಾವೇ ಬರೆದ ಆಯ್ಕೆಯ ಚೀಟಿಯ ಫೋಟೋವನ್ನು, ನಾವು ತಿದ್ದದೆ, ಶನಿವಾರದೊಳಗೆ ಗುಂಪಿನಲ್ಲಿ ಹಾಕಬೇಕಾಗಿ ವಿನಂತಿ.