ಬೋರ್ಡಿನ ಮೇಲೆ ಹೆಸರು ಸಾಕು

ಕೂಸೇ, ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ವಕೀಲಿಕೆಯ ಸನ್ನದು ಬಂತು ಎಂದು ನಿನ್ನ ಅಪ್ಪ ಫೋನ್ ಮಾಡಿದ್ದ. ಖುಷಿಯಾಯಿತು. ಕಾರವಾರದಲ್ಲಿ ಆಫೀಸಿಗೆ ಕೋಣೆ ನೋಡಿದ್ದೀಯಂತೆ. 'ಅರಣ್ಯ ಜಮೀನು ಪ್ರಕರಣಗಳ ತಜ್ಞೆ' ಎಂದು ಬೋರ್ಡ್ ಬರೆಸುತ್ತೀಯಂತೆ. ಬರೆಸಬೇಡ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ಓದು. ಇಂಥದ್ದರಲ್ಲಿ ಪರಿಣತಿ ಎಂದು ಬೋರ್ಡಿನಲ್ಲಿ ಹಾಕುವ ಹಾಗಿಲ್ಲ. ರೀಲ್ಸ್ ಮಾಡಿ ಕಕ್ಷಿದಾರರನ್ನು ಕರೆಯುವುದಂತೂ ಬೇಡವೇ ಬೇಡ.

ಅಂಗಡಿಯವನಿಗಿಲ್ಲದ ಕಟ್ಟು ನಮಗ್ಯಾಕೆ ಅಂತ ಕೇಳುತ್ತೀ, ಅಲ್ವಾ? ಪ್ರೊಫೆಷನ್ ಎಂಬ ಮಾತಿಗೆ ಲ್ಯಾಟಿನ್ ಮೂಲದಲ್ಲಿ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವುದು ಎಂದರ್ಥ. ಇಂಗ್ಲಿಷಿನಲ್ಲಿ ಮೊದಲು ಅದು ಕ್ರೈಸ್ತ ಮಠ ಸೇರುವವರು ತೊಡುವ ವ್ರತಕ್ಕಿದ್ದ ಹೆಸರು. ಕಸುಬು ಎಂಬ ಅರ್ಥ ಆಮೇಲೆ ಬಂತು. ಹುಡುಗಿಯೊಬ್ಬಳು ಸಿಸ್ಟರ್ ಆಗಿ ವ್ರತ ತೊಟ್ಟರೆ ಈಗಲೂ ಇಗರ್ಜಿಯವರು ಅದನ್ನು ಪ್ರೊಫೆಷನ್ ಅಂತಲೇ ಕರೆಯುತ್ತಾರೆ. ಸಂವಿಧಾನದ ಇಂಗ್ಲಿಷ್ ಪ್ರತಿ ತೆಗೆದು ನೋಡು. 19ನೇ ವಿಧಿಯಲ್ಲಿ ವೃತ್ತಿ ಮಾಡುವ ಹಕ್ಕು, 25ರಲ್ಲಿ ನಂಬಿದ ಧರ್ಮವನ್ನು ನನ್ನದು ಎಂದು ಹೇಳಿಕೊಳ್ಳುವ ಹಕ್ಕು. ಒಂದು ಕಡೆ ಪ್ರೊಫೆಷನ್, ಇನ್ನೊಂದು ಕಡೆ ಪ್ರೊಫೆಸ್, ಎರಡೂ ಅದೇ ಬೇರಿನ ಮಾತು. ವೃತ್ತಿ ತೆರಿಗೆಯವರಿಗೆ ಮಾತ್ರ ಈ ಗೊಡವೆ ಇಲ್ಲ, ಸಂಬಳದವರನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಾರೆ!

ಕರಿ ಕೋಟು ಹಾಕಿದ ಮೇಲೆ ನೀನೂ ಒಂದು ಮಾತು ಕೊಟ್ಟ ಹಾಗೇ. ಅದು ಪರೀಕ್ಷೆಗೆ ಬರುವುದು ಕೋರ್ಟಿನಲ್ಲಲ್ಲ, ನಿನ್ನ ಮೇಜಿನ ಮುಂದೆ. ಅಂಕೋಲಾದಿಂದಲೋ ಜೋಯಿಡಾದಿಂದಲೋ ಒಬ್ಬರು ಬರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಹಳೇ ರಸೀದಿ, ಮಡಿಚಿ ಮಡಿಚಿ ಹರಿದ ನಕ್ಷೆ, ಅರಣ್ಯ ಜಮೀನಿನ ಹಕ್ಕಿಗೆ ಹಾಕಿ ತಿರಸ್ಕಾರವಾದ ಅರ್ಜಿ. ಬುಡಕಟ್ಟಿನವರಲ್ಲದಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ಕೇಳುತ್ತದೆ. ಅದೂ 2005ರ ಡಿಸೆಂಬರ್ 13ಕ್ಕಿಂತ ಹಿಂದಿನದು. ಚೀಲ ಪೂರ್ತಿ ಬಿಡಿಸಿ ನೋಡು. ಬರೀ ರಸೀದಿ ನೋಡಿ ಕೈಬಿಡಬೇಡ, ಊರಿನ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯವೇ. ಆದರೆ ಏನೂ ಇಲ್ಲದಿದ್ದರೆ ಇಲ್ಲ ಎಂದು ಆವತ್ತೇ ಹೇಳು. 'ನೋಡುವಾ, ಆಗ್ತದೆ' ಎಂದು ಸುಮ್ನೆ ಫೀಸು ತೆಗೆದುಕೊಂಡು ವರ್ಷಗಟ್ಟಲೆ ಓಡಾಡಿಸುವವರು ನಮ್ಮಲ್ಲಿ ಕಡಿಮೆಯಿಲ್ಲ.

ಕಕ್ಷಿದಾರ ಹೇಳಿದ್ದು ಮನೆಯಲ್ಲೂ ಬಾಯಿಗೆ ಬರಬಾರದು. ನಮ್ಮ ಕಡೆ ಮದುವೆ ಊಟಕ್ಕೆ ಕೂತರೆ ಪಕ್ಕದವರು ಮೆಲ್ಲಗೆ ಕೇಳಿಯೇ ಕೇಳುತ್ತಾರೆ, 'ಅವರ ಮನೆ ಪಾಲಿನ ಕೇಸು ಏನಾಯ್ತು?' ಎಂದು. ನೀನು ಇನ್ನೊಂದು ಸೌಟು ತಂಬುಳಿ ಹಾಕಿಸಿಕೋ.

ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ, ವೃತ್ತಿ ಬೇರೆ, ವ್ಯಾಪಾರ ಬೇರೆ ಎಂದು ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ಹೇಳಿತು. ಕೆಲವರು ಬಚಾವಾದೆವು ಎಂದು ಹಿಗ್ಗಿದರು. ನನಗದು ಸರಿ ಕಾಣಲಿಲ್ಲ. ವ್ಯಾಪಾರ ಅಲ್ಲ ಅಂದ ಮೇಲೆ ಜವಾಬ್ದಾರಿ ಜಾಸ್ತಿಯಾಯಿತಲ್ಲ! ವಕೀಲರ ಕಾಯ್ದೆಯ 35ನೇ ಕಲಮು ಹಾಗೇ ಇದೆ, ದುರ್ನಡತೆಗೆ ಸನ್ನದೂ ಹೋಗುತ್ತದೆ.

ಬೋರ್ಡಿನ ಮೇಲೆ ಹೆಸರು, ಕೆಳಗೆ 'ವಕೀಲರು'. ಅಷ್ಟು ಸಾಕು. ಪೇಂಟರಿಗೆ ಮುಂಗಡ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡು.

ಇಂತಿ,
ಶಿರಸಿಯಿಂದ ನಿನ್ನ ದೊಡ್ಡಪ್ಪ